ಕಳೆಯದೇ ಇದ್ದ ಈಟಿ

ಎದುರಿಗೆ ಗೋಡೆಗೆ ಒರಗಿಸಿಟ್ಟಿದ್ದ ಈಟಿಯನ್ನು ಕಳೆದುಹೋಗಿದೆ ಎಂದು ಬರೆದುಕೊಡಿ ಅಂದರು ಶಾಲೆಯವರು. ನಾನು ಕೊಡಲಿಲ್ಲ. ನಡೆದದ್ದು ಇಷ್ಟೇ. ಇಷ್ಟಕ್ಕೇ ನನ್ನ ಮೊಮ್ಮಗಳಿಗೆ ದುರ್ಗದ ಕ್ರೀಡಾ ಹಾಸ್ಟೆಲಿನಲ್ಲಿ ಸಿಕ್ಕಿದ್ದ ಸೀಟು ಕೈತಪ್ಪುವುದರಲ್ಲಿತ್ತು. ಊರಿನವರು ನನ್ನನ್ನು ಹಟಮಾರಿ ಮುದುಕಿ ಅಂದರು. ಅದನ್ನು ಅವರು ಮೊದಲಿನಿಂದಲೂ ಅನ್ನುತ್ತಿದ್ದರು, ಹೊಸದಾಗಿ ಅಂದದ್ದೇನಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಪೇಪರು ಸಿಕ್ಕರೆ ಪೇಪರು ಓದುತ್ತೇನೆ, ಸಹಿ ಹಾಕುತ್ತೇನೆ. ನಾನು ಬರೆದ ಇದನ್ನು ತಿದ್ದಿಕೊಡು ಎಂದು ಮೊಮ್ಮಗಳನ್ನು ಕೇಳಿಲ್ಲ. ಕೇಳಿದರೆ ಕಾಗುಣಿತದ ಜೊತೆಗೆ ತನಗೆ ಬೇಡವಾದ ಮಾತುಗಳನ್ನೂ ತಿದ್ದಿಬಿಡುತ್ತಾಳೆ.

ನಮ್ಮೂರು ಹರಿಯಬ್ಬೆಯಿಂದ ಆಚೆಗೆ. ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಮಗ ಸೊಸೆ ಮಂದೆ ಹೊಡೆದುಕೊಂಡು ಮೇವಿರುವ ಕಡೆ ಹೋದರೆ, ಮಳೆ ಹಿಡಿದ ಮೇಲೇ ವಾಪಸ್ಸು. ಹುಡುಗಿಯೂ ಅವರ ಹಿಂದೆ ತಿರುಗಿದರೆ ಶಾಲೆ ತಪ್ಪುತ್ತದೆಂದು ನನ್ನ ಹತ್ತಿರ ಬಿಟ್ಟರು. ಹಾಗಾಗಿ ಶಾಲೆಯ ಕಂಪ್ಯೂಟರಿನಲ್ಲಿ ಪೋಷಕರು ಅನ್ನುವ ಕಡೆ ನನ್ನ ಹೆಸರಿದೆ. ಪೋಷಣೆ ಅಂದರೆ ದೊಡ್ಡ ಮಾತಾಯಿತು. ಮುದ್ದೆ ಹಾಕಿದ್ದೇನೆ, ಬೈದಿದ್ದೇನೆ.

ಅವಳು ಈಟಿ ಎಸೆಯುತ್ತಾಳೆ. ಶಾಲೆಯವರು ಜಾವೆಲಿನ್ ಅನ್ನುತ್ತಾರೆ. ಚಿಕ್ಕವಳಿದ್ದಾಗ ಕುರಿ ಹಿಂದೆ ಕಲ್ಲು ಬೀಸಿ ಬೀಸಿ ತೋಳು ಪಳಗಿತ್ತೋ ಏನೋ, ಹೈಸ್ಕೂಲು ಸೇರಿದ ವರ್ಷವೇ ಪಿ.ಟಿ. ಮೇಷ್ಟ್ರು ಅವಳ ಕೈಗೆ ಈಟಿ ಕೊಟ್ಟರು. ಹೋಬಳಿಯಲ್ಲಿ ಗೆದ್ದಳು, ಹಿರಿಯೂರಲ್ಲಿ ಗೆದ್ದಳು. ಹೊಳಲ್ಕೆರೆಯಲ್ಲಿ ಜಿಲ್ಲೆಯ ಮಕ್ಕಳೆಲ್ಲ ಸೇರಿದ್ದಾಗಲೂ ಇವಳ ಈಟಿಯೇ ಎಲ್ಲಕ್ಕಿಂತ ಮುಂದೆ ಹೋಗಿ ನಾಟಿತು. ನಾನು ನೋಡಲು ಹೋಗಿರಲಿಲ್ಲ. ಮನೆಯಲ್ಲಿ ಈದ ಕುರಿಗಳಿದ್ದವು. ಅದಾದ ಮೇಲೆ ದುರ್ಗದಲ್ಲಿ ಆಯ್ಕೆ ನಡೆಸಿ ಹಾಸ್ಟೆಲಿಗೆ ತೆಗೆದುಕೊಂಡರು. ಇಂಥ ದಿನದೊಳಗೆ ಟಿ.ಸಿ. ತಂದು ಸೇರಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದು ತಿಳಿಸಿದರು.

ಇಲ್ಲಿ ಆಟದ ಸಾಮಾನಿನ ಸಂಗತಿ ಸ್ವಲ್ಪ ಹೇಳಬೇಕು. ಮೊದಲೆಲ್ಲ ನಮ್ಮ ಶಾಲೆಯ ಆಟದ ಸಾಮಾನು ಶಾಲೆಯಲ್ಲಿ ಇದ್ದದ್ದಕ್ಕಿಂತ ಊರಲ್ಲಿ ಇದ್ದದ್ದೇ ಹೆಚ್ಚು. ವಾಲಿಬಾಲಿನ ನೆಟ್ಟು ಒಬ್ಬರ ಹೀರೆ ಬಳ್ಳಿಗೆ ಚಪ್ಪರವಾಗಿತ್ತು. ಎಸೆಯುವ ಗುಂಡು ಇನ್ನೊಬ್ಬರ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಕೂತಿತ್ತು. ಯಾರ ಮನೆಯದು ಎಂದು ಬರೆಯುವುದಿಲ್ಲ, ಅವರು ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಅದಕ್ಕೇ ಜಿಲ್ಲೆಯವರು ಹೊಸ ಪದ್ಧತಿ ತಂದಾಗ ಒಳ್ಳೇದಾಯಿತು ಅಂದವಳು ನಾನು. ಪ್ರತಿ ಮಗುವಿಗೂ ಕಂಪ್ಯೂಟರಿನಲ್ಲಿ ಒಂದು ನಂಬರ್ ಮೊದಲೇ ಇತ್ತು. ಹಾಜರಿ, ಮಾರ್ಕ್ಸು, ಟಿ.ಸಿ. ಎಲ್ಲ ಅದರ ಮೇಲೆಯೇ. ಈಗ ಚೆಂಡು, ಬ್ಯಾಟು, ಈಟಿ ಎಲ್ಲದಕ್ಕೂ ಕಪ್ಪು ಗೆರೆಗಳ ಒಂದೊಂದು ಸ್ಟಿಕ್ಕರ್ ಅಂಟಿಸಿದರು. ಮಗು ಸಾಮಾನು ತೆಗೆದುಕೊಂಡಾಗ ಮೇಷ್ಟ್ರು ಆ ಸ್ಟಿಕ್ಕರಿಗೆ ಮೊಬೈಲು ಹಿಡಿದರೆ ಅದು ಮಗುವಿನ ನಂಬರಿಗೆ ಏರುತ್ತದೆ. ವಾಪಸ್ಸು ಕೊಟ್ಟಾಗ ಮತ್ತೆ ಹಿಡಿದರೆ ಇಳಿಯುತ್ತದೆ. ಇಳಿಯದಿದ್ದರೆ ಟಿ.ಸಿ. ಹೊರಗೆ ಬರುವುದಿಲ್ಲ.

ದಸರಾ ರಜೆಯಲ್ಲಿ ಅಭ್ಯಾಸ ಬಿಡಬೇಡ ಎಂದು ಮೇಷ್ಟ್ರು ಈಟಿಯನ್ನು ಅವಳ ಹೆಸರಿಗೆ ಏರಿಸಿ ಮನೆಗೆ ಕೊಟ್ಟು ಕಳಿಸಿದ್ದರು. ಹುಡುಗಿ ದಿನಾ ಕೆರೆಯಂಗಳದಲ್ಲಿ ಎಸೆದಳು. ನಡುವೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆಯುಧಪೂಜೆ ಅಂದರೆ ಮನೆಯಲ್ಲಿರುವ ಕಬ್ಬಿಣವೆಲ್ಲ ಅಂಗಳಕ್ಕೆ ಬರಬೇಕು. ಕುಡುಗೋಲು, ಹಾರೆ, ಗುದ್ದಲಿ, ಉಣ್ಣೆ ಕತ್ತರಿಸುವ ಕತ್ತರಿ, ಮಗನ ಬೈಕು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ತೊಳೆದೇ ವಿಭೂತಿ ಎಳೆಯಬೇಕು. ಕೊಳೆ ಇದ್ದ ಆಯುಧಕ್ಕೆ ಪೂಜೆಯಿಲ್ಲ. ಈಟಿಯನ್ನು ಬಿಟ್ಟು ಉಳಿದದ್ದಕ್ಕೆ ಮಾಡುವುದು ಹೇಗೆ? ಹುಡುಗಿಗೆ ಅನ್ನ ಕೊಡುವುದು ಅದೇ ಆದರೆ ಪೂಜೆಯೂ ಅದಕ್ಕೇ ಮೊದಲು. ಮಣ್ಣು ಮೆತ್ತಿಕೊಂಡಿತ್ತು. ಉಜ್ಜಿದೆ. ಮೈಮೇಲೆ ಯಾವುದೋ ಕಾಗದ ಅರ್ಧ ಎದ್ದುಕೊಂಡಿತ್ತು, ಅದನ್ನೂ ಉಗುರಲ್ಲಿ ಕೆರೆದು ತೆಗೆದೆ. ಈಟಿ ಕನ್ನಡಿಯ ಹಾಗೆ ಹೊಳೆಯಿತು.

ರಜೆ ಮುಗಿದ ದಿನವೇ ಹುಡುಗಿ ಅದನ್ನು ಶಾಲೆಗೆ ಕೊಟ್ಟು ಬಂದಳು. ಅಲ್ಲಿಗೆ ಆ ಮಾತು ನನಗೆ ಮರೆತೇ ಹೋಗಿತ್ತು.

ಟಿ.ಸಿ. ಕೇಳಲು ಹೋದ ದಿನ ಹೆಡ್ ಮೇಡಂ ಕಂಪ್ಯೂಟರನ್ನು ಸುಮಾರು ಹೊತ್ತು ಕುಟ್ಟಿದರು. ಆಮೇಲೆ ನನ್ನ ಮುಖ ನೋಡಿದರು.

"ಅಜ್ಜಿ, ಈಟಿ ನಿಮ್ಮ ಹುಡುಗಿ ಹೆಸರಲ್ಲೇ ಐತೆ. ಇಳಿದಿಲ್ಲ."

"ಇಳಿದಿಲ್ಲ ಅಂದ್ರೆ? ಅಗೋ, ನಿಮ್ಮ ಬೆನ್ನ ಹಿಂದೇನೇ ನಿಂತೈತಲ್ರಿ."

ಅವರು ತಿರುಗಿ ನೋಡಿದರು. ಗೋಡೆಯ ಮೂಲೆಯಲ್ಲಿ ಈಟಿ ನಿಂತಿತ್ತು.

"ಇಲ್ಲಿ ಐತೆ. ಕಂಪ್ಯೂಟ್ರಲ್ಲಿ ಇನ್ನೂ ನಿಮ್ಮನೇಲೈತೆ. ಸ್ಟಿಕ್ಕರ್ ಇಲ್ಲ ನೋಡ್ರಿ, ಯಾರೋ ಕಿತ್ತಿದಾರೆ."

"ಯಾರೋ ಅಲ್ಲ, ನಾನೇ. ಆಯುಧಪೂಜೆಗೆ ತೊಳೆದೆ."

ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು. ಪಿ.ಟಿ. ಮೇಷ್ಟ್ರಿಗೆ ಹೊಸದುರ್ಗದ ಕಡೆಗೆ ವರ್ಗವಾಗಿತ್ತು. ಅವರಿಗೆ ಫೋನು ಹಚ್ಚಿದರು. "ಹೌದು ಮೇಡಂ, ನನ್ನ ಕೈಗೇ ತಂದುಕೊಟ್ಲು. ಸ್ಟಿಕ್ಕರ್ ಇರ್ಲಿಲ್ಲ, ಆಮೇಲೆ ನೋಡಾಣ ಅಂತ ಬಿಟ್ಟೆ, ಅಷ್ಟರಲ್ಲಿ ಆರ್ಡರ್ ಬಂತು," ಅಂದರು. ಹೌದು ಅನ್ನಬೇಕಾದವರೆಲ್ಲ ಹೌದು ಅಂದರು. ಕಂಪ್ಯೂಟರ್ ಒಂದು ಅನ್ನಲಿಲ್ಲ.

ಹೆಡ್ ಮೇಡಂ ಕೆಟ್ಟವರಲ್ಲ. ದಾರಿಯನ್ನೂ ಅವರೇ ಹೇಳಿದರು.

"ಇದಕ್ಕೆ ಗೊತ್ತಿರೋದು ಎರಡೇ ದಾರಿ ಅಜ್ಜಿ. ಸ್ಟಿಕ್ಕರ್ ತೋರ್ಸಿ ಇಳಿಸ್ಬೇಕು, ಇಲ್ಲಾಂದ್ರೆ ಕಳೆದೋಗೈತೆ ಅಂತ ಮುಚ್ಚಬೇಕು. ನೀವೊಂದು ಸಹಿ ಹಾಕಿದ್ರೆ ಈಗ್ಲೇ ಟಿ.ಸಿ. ತೆಗೀತೀನಿ. ನೀವು ಒಂದು ಪೈಸೆ ಕಟ್ಟಂಗಿಲ್ಲ, ಅದನ್ನ ನಾನು ನೋಡ್ಕಂತೀನಿ."

"ಕಳೆದೋಗೈತೆ ಅನ್ನೋದು ಯಾರ ಹೆಸರ ಮುಂದೆ ಬರ್ತೈತೆ?"

"ಹುಡುಗಿ ಹೆಸರ ಮುಂದೆ."

"ದುರ್ಗದೋರಿಗೂ ಕಾಣ್ತೈತಾ?"

"ನಂಬರ್ ಎಲ್ಲಿಗೆ ಹೋಗ್ತೈತೋ ಅದೂ ಅಲ್ಲಿಗೆ ಹೋಗ್ತೈತೆ."

"ಹಂಗಾದ್ರೆ ಹಾಕಲ್ಲ," ಅಂದೆ.

ನನ್ನ ಲೆಕ್ಕ ಸರಳ. ಹಾಲು ಕರೆಯುವವಳನ್ನು ಕೆಲಸಕ್ಕೆ ಕಳಿಸುವಾಗ ಕೊಡ ಒಡೆಯುವವಳು ಎಂದು ಚೀಟಿ ಬರೆದು ಕಳಿಸುತ್ತಾರಾ? ಈಟಿ ಎಸೆಯಲು ಹೋಗುವ ಹುಡುಗಿಯ ಹೆಸರಿನ ಮುಂದೆ ಈಟಿ ಕಳೆದವಳು ಎಂದಿದ್ದರೆ ಹೊಸ ಜಾಗದಲ್ಲಿ ಯಾವ ಮೇಷ್ಟ್ರು ನಂಬಿ ಕೈಗೆ ಕೊಡುತ್ತಾರೆ? ಕಳೆದಿದ್ದರೆ ಬೇರೆ ಮಾತು. ಇವಳು ಕಳೆದಿಲ್ಲ.

ಹುಡುಗಿ ಮಾತ್ರ ಅಲ್ಲೇ ನನ್ನ ಸೆರಗು ಜಗ್ಗಿದಳು. "ಅಜ್ಜೀ, ಹಾಕ್ಬಿಡೇ. ಅದನ್ನ ಯಾರು ನೋಡ್ತಾರೆ?"

"ಮೊದ್ಲು ನೋಡೋದೇ ಅದನ್ನ."

"ನಾನೇ ಕಳೆದೆ ಅಂತ ಒಪ್ಕಂತೀನಿ ಬಿಡು."

"ಕಳೆದು ಒಪ್ಕ. ಕಳೀದೆ ಒಪ್ಕಳೋದು ಯಾವ ಊರ ಬುದ್ಧಿ?"

ಕೊನೆಯ ದಿನಕ್ಕೆ ನಡುವೆ ಒಂದೇ ದಿನ ಉಳಿದಿತ್ತು. ಹುಡುಗಿ ಮನೆಗೆ ಬಂದವಳೇ ಕಟ್ಟಿಟ್ಟಿದ್ದ ಬಟ್ಟೆ ಗಂಟನ್ನು ಕಾಲಲ್ಲಿ ಒದ್ದಳು. "ನನ್ನ ಸೀಟು ದೊಡ್ಡದಾ, ನಿನ್ನ ಹಟ ದೊಡ್ಡದಾ?" ಎಂದು ಕೇಳಿದಳು.

"ಎರಡೂ ಬೇಕು," ಅಂದೆ.

ಅವಳು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಪಕ್ಕದ ಮನೆಯವಳು ಬಂದು, "ಏನಕ್ಕ, ಒಂದು ಸಹಿಗೆ ಮಗೀನ ಬಾಳು ಹಾಳು ಮಾಡ್ತೀಯಾ?" ಅಂದಳು. ಅವಳ ಮನೆಯ ಬಾಗಿಲಿಗೆ ಅಡ್ಡ ಏನು ಇತ್ತು ಎಂದು ನೆನಪಿಸಿದೆ. ಎದ್ದು ಹೋದಳು.

ಬೆಳಿಗ್ಗೆ ಮತ್ತೆ ಶಾಲೆಗೆ ಹೋದೆ. ಮೇಲಿನ ಆಫೀಸಿಗೆ ನಾನೇ ಹೋಗಿ ತೋರಿಸುತ್ತೇನೆ, ಈಟಿ ಕೊಡಿ ಅಂದೆ.

"ಶಾಲೆ ಸಾಮಾನು ಹೊರಗೆ ಕೊಡಂಗಿಲ್ಲ ಅಜ್ಜಿ."

"ಅದು ಶಾಲೇಲಿ ಎಲ್ಲೈತ್ರಿ? ನಮ್ಮನೇಲೈತೆ ಅಂತ ನೀವೇ ಅಂದ್ರಲ್ಲ ನಿನ್ನೆ. ನಮ್ಮನೇದನ್ನ ನಾನು ತಗಂಡೋಗ್ತೀನಿ."

ಮೇಡಂ ನಗು ತಡೆಯಲು ನೋಡಿದರು, ಆಗಲಿಲ್ಲ. ತಗೊಂಡು ಹೋಗಿ ಎಂದು ಕೈ ಮಾಡಿ ಇನ್ನೊಂದು ಕಡೆ ತಿರುಗಿ ಕೂತರು. ನಾನು ಈಟಿಯ ಮೊನೆಗೆ ಹಳೇ ಸೀರೆಯ ತುಂಡು ಸುತ್ತಿ, ಹೆಗಲ ಮೇಲಿಟ್ಟುಕೊಂಡು ಬಸ್ಸಿಗೆ ನಿಂತೆ. ಹುಡುಗಿ ಹಿಂದೆ ಹಿಂದೆ ಬಂದಳು, ನನ್ನ ಕಡೆಯವಳಲ್ಲ ಅನ್ನುವ ಹಾಗೆ ದೂರ ನಿಂತಳು.

ಕಂಡಕ್ಟರ್ ಬಾಗಿಲಲ್ಲೇ ತಡೆದ. "ಏನಜ್ಜಿ, ದುರ್ಗದ ಕೋಟೆ ಹಿಡಿಯಾಕೆ ಹೊಂಟ್ಯಾ?"

"ಕೋಟೆ ಯಾರಿಗ್ ಬೇಕಪ್ಪ, ಟಿ.ಸಿ. ಕೊಟ್ರೆ ಸಾಕು."

"ಇಷ್ಟುದ್ದದ್ದಕ್ಕೆ ಲಗೇಜು ಹಾಕ್ಬೇಕಾಗ್ತೈತೆ."

"ಹೆಂಗಸ್ರಿಗೆ ಫ್ರೀ ತಾನೇ? ಇದು ಹೆಂಗಸ್ರ ಈಟಿ ಕಣಪ್ಪ. ಗಂಡಸ್ರುದು ಇನ್ನೂ ಉದ್ದ ಇರ್ತೈತೆ."

ಬಸ್ಸಿನವರೆಲ್ಲ ನಕ್ಕರು. ಅವನೂ ಬಿಡಲಿಲ್ಲ. "ಹಂಗಾದ್ರೆ ಅದರ ಆಧಾರ್ ಕಾರ್ಡ್ ತೋರ್ಸು."

"ಅದರ ಆಧಾರ್ ಕಿತ್ತೋಗೈತೆ. ಅದಕ್ಕೇ ಹೊಂಟಿರೋದು."

"ಹತ್ತಜ್ಜಿ, ಹತ್ತು," ಎಂದು ಸೀಟಿ ಊದಿದ. ಈಟಿಯನ್ನು ಸೀಟಿನ ಕೆಳಗೆ ಉದ್ದಕ್ಕೆ ಮಲಗಿಸಿದೆ. ಬಬ್ಬೂರಿನ ಫಾರಂಗೆ ಕೂಲಿಗೆ ಹೋಗುವ ಹೆಂಗಸೊಬ್ಬಳು ಅದಕ್ಕೆ ಕಾಲು ತಾಗಬಾರದೆಂದು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಲು ಮಡಿಚಿಕೊಂಡೇ ಕೂತಿದ್ದಳು. "ಎಷ್ಟು ಚೆನ್ನಾಗಿ ಉಜ್ಜಿದೀಯಮ್ಮ," ಎಂದಳು. ಅಷ್ಟು ದಿನದಲ್ಲಿ ಆ ಕೆಲಸವನ್ನು ಹೊಗಳಿದವಳು ಅವಳೊಬ್ಬಳೇ.

ಯಾವ ಆಫೀಸು ಎಂದು ಬರೆಯುವುದಿಲ್ಲ. ಎಲ್ಲ ಆಫೀಸುಗಳೂ ಒಂದೇ ಥರ ಇರುತ್ತವೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಒಳ್ಳೆಯವನೇ. ಈಟಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಅಜ್ಜಿ, ಸ್ಟಿಕ್ಕರ್ ಇಲ್ದೆ ಇದು ಆ ಈಟಿನೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಮಳೆಗೆ ಗುರುತಿನ ಬಣ್ಣ ತೊಳೆದೋದ ಕುರೀನ ಸತ್ತೋತು ಅಂತ ಬರೀತೀಯೇನಪ್ಪ?"

"ಕುರಿ ಆದ್ರೆ ಬ್ಯಾ ಅಂತೈತಜ್ಜಿ. ಇದು ಅನ್ನಲ್ಲವಲ್ಲ."

ಅವನು ಹೇಳಿದ್ದೂ ಸರಿಯೇ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು, ಈಟಿಯನ್ನು ಕಾಲ ಬುಡದಲ್ಲಿ ಅಡ್ಡ ಹಾಕಿಕೊಂಡೆ. ಒಳಗೆ ಹೋಗುವವರೆಲ್ಲ ಎತ್ತಿ ಕಾಲಿಡಬೇಕಾಯಿತು. ಹುಡುಗಿ ಕಿಟಕಿ ಹತ್ತಿರ ನಿಂತು ಅಳುತ್ತಿದ್ದಳು. ಅಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ನಾನೂ ಮೆತ್ತಗಾಗಿ ಸಹಿ ಹಾಕಿಬಿಡುತ್ತಿದ್ದೆ.

ಮಧ್ಯಾಹ್ನ ಕ್ರೀಡೆಯ ಸಾಹೇಬರು ಬಂದರು. ಬಾಗಿಲಲ್ಲೇ ಎಡವಿದರು.

"ಯಾರಮ್ಮ ಇದನ್ನ ಇಲ್ಲಿ ಹಾಕಿದ್ದು?"

"ನಾನು. ಆದ್ರೆ ಇದು ಇಲ್ಲಿ ಇಲ್ಲ ಸಾಹೇಬ್ರೆ, ಕಳೆದೋಗೈತಂತೆ. ನೀವು ಯಾವುದಕ್ಕೆ ಎಡವಿದ್ರೋ ಕಾಣೆ."

ಕಂಪ್ಯೂಟರ್ ಹುಡುಗ ಎದ್ದು ಬಂದು ಎಲ್ಲ ವಿವರಿಸಿದ. ಸಾಹೇಬರ ಮುಖ ಬಿಗಿಯಾಯಿತು. "ಸರ್ಕಾರಿ ವಸ್ತುವಿನ ಗುರುತು ಕಿತ್ತು ಹಾಕೋದು ತಪ್ಪು ಅಂತ ಗೊತ್ತೇನಮ್ಮ?"

"ನಿಮ್ಮ ಜೀಪೂ ಸರ್ಕಾರದ್ದೇ ಅಲ್ವ್ರಾ? ಆಯುಧಪೂಜೆ ದಿನ ತೊಳೆದು, ನಂಬರ್ ಬೋರ್ಡ್ ಮ್ಯಾಲೆ ಕುಂಕುಮ ಬಳ್ದು, ಬಾಳೆಕಂದು ಕಟ್ಕಂಡು ಓಡಾಡ್ತೀರಿ. ಆವಾಗ ಜೀಪು ಕಳೆದೋಗೈತೆ ಅಂತ ಯಾರಾದ್ರೂ ಬರೀತಾರಾ?"

ಹಿಂದೆ ನಿಂತಿದ್ದ ಜೀಪಿನ ಡ್ರೈವರ್ ಕೆಮ್ಮಿದ ಹಾಗೆ ಮಾಡಿ ನಕ್ಕ. ಸಾಹೇಬರು ನಗಲಿಲ್ಲ. ಆದರೆ ಹೋಗು ಅನ್ನಲೂ ಇಲ್ಲ. ಕಿಟಕಿ ಹತ್ತಿರ ನಿಂತಿದ್ದವಳನ್ನು ನೋಡಿ, "ಹೊಳಲ್ಕೆರೆಯಲ್ಲಿ ಗೆದ್ದವಳು ಇವಳೇನಾ?" ಎಂದು ಕೇಳಿದರು. ಅವಳು ಮೂಗು ಒರೆಸಿಕೊಂಡು ಹೌದು ಎಂದು ತಲೆ ಆಡಿಸಿದಳು.

ಆಮೇಲೆ ಅವರು ಹುಡುಗನ ಪಕ್ಕ ಕೂತು ಕಂಪ್ಯೂಟರಿನಲ್ಲಿ ಏನೇನೋ ತೆಗೆಸಿ ನೋಡಿದರು. ಕೊನೆಗೆ ಒಂದು ದಾರಿ ಸಿಕ್ಕಿತು. ಸಾಹೇಬರೇ ಶಾಲೆಗೆ ಬಂದು, ಸಾಮಾನು ಹಿಡಿದುಕೊಂಡ ಮಗುವಿನ ಫೋಟೋ ಶಾಲೆಯ ಜಾಗದಲ್ಲೇ ತೆಗೆದು ಏರಿಸಿದರೆ, ಸ್ಟಿಕ್ಕರ್ ಇಲ್ಲದೆಯೂ ಇಳಿಯುತ್ತದಂತೆ. ಆ ದಾರಿಯಲ್ಲಿ ಈವರೆಗೆ ಯಾರೂ ಹೋಗಿರಲಿಲ್ಲ.

"ಅದು ಶಾಲೇಲೇ ಆಗ್ಬೇಕು. ಇಲ್ಲಿ ತೆಗೆದ್ರೆ ತಗಳಲ್ಲ," ಅಂದ ಹುಡುಗ.

"ಹಂಗಾದ್ರೆ ಇದನ್ನ ಹೊತ್ಕಂಡು ಬಂದಿದ್ದು ದಂಡ ಆಯ್ತು," ಅಂದೆ. "ಆಗ್ಲಿ. ಏಳ್ರಿ, ಹೋಗಾಣ."

"ಇವತ್ತು ಮೀಟಿಂಗ್ ಐತಮ್ಮ. ನಾಳೆ ಬೆಳಿಗ್ಗೆ ಬರ್ತೀನಿ," ಅಂದರು ಸಾಹೇಬರು.

"ನಾಳೆ ಕೊನೇ ದಿನ. ನೀವು ಬರಲಿಲ್ಲ ಅಂದ್ರೆ ನಾಡಿದ್ದು ಮತ್ತೆ ಇಲ್ಲೇ ಕುಂತಿರ್ತೀನಿ. ಹೆದರಿಸ್ತಿಲ್ಲ, ಇರೋದನ್ನ ಹೇಳ್ದೆ."

ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಧೈರ್ಯವೇನೂ ಇರಲಿಲ್ಲ. ಸಾಹೇಬರ ಮಾತು ಅಂದರೆ ಬೇಸಿಗೆಯ ಮೋಡ. ಬರದಿದ್ದರೆ ಹುಡುಗಿಯ ಸೀಟು ಹೋಗುತ್ತದೆ, ಅವಳು ಸಾಯುವ ತನಕ ನನ್ನನ್ನು ಕ್ಷಮಿಸುವುದಿಲ್ಲ, ಅದು ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದಾಗ ಸಹಿ ಹಾಕುವ ಮನಸ್ಸು ಬರಲಿಲ್ಲ. ಹುಡುಗಿಗೆ ಗಂಟು ಕಟ್ಟಿಕೋ ಅಂದೆ. "ಯಾಕೆ?" ಅಂದಳು. "ಕಟ್ಕ ಅಂದೆ, ಕಟ್ಕ."

ಈಟಿ, ಗಂಟು ಹೊತ್ತುಕೊಂಡು ಶಾಲೆಗೆ ಹೋಗಿ ಕೂತೆವು. ಬಿಸಿಲು ಏರಿದ ಮೇಲೆ ಜೀಪು ಬಂತು. ಸಾಹೇಬರು, ಕಂಪ್ಯೂಟರ್ ಹುಡುಗ ಇಬ್ಬರೂ ಇಳಿದರು. ಹುಡುಗಿಯನ್ನು ಬಾವುಟದ ಕಂಬದ ಹತ್ತಿರ ನಿಲ್ಲಿಸಿ ಈಟಿ ಕೈಗೆ ಕೊಟ್ಟು ಫೋಟೋ ತೆಗೆದರು. ನೆಟ್‌ವರ್ಕ್ ಸಿಗದೆ ಹುಡುಗ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ನಿಂತ. ಅಲ್ಲಿಂದಲೇ ಕೂಗಿದ.

"ಸಾರ್, ಒಂದು ಕೇಳ್ತೈತೆ. ಗುರುತು ಹೋಗಿದ್ದಕ್ಕೆ ಯಾರು ಕಾರಣ ಅಂತ ಹಾಕ್ಲೇಬೇಕು. ವಿದ್ಯಾರ್ಥಿ, ಶಿಕ್ಷಕ, ಪೋಷಕ, ಕಳ್ಳತನ, ಇಷ್ಟೇ ಅವೆ."

ಹೆಡ್ ಮೇಡಂ ನೆಲ ನೋಡಿದರು.

"ಪೋಷಕ ಅಂತ ಹಾಕು," ಅಂದೆ.

"ಪೋಷಕ ಅಂತ ಹಾಕಿದ್ರೆ ಪೋಷಕರ ನಿರ್ಲಕ್ಷ್ಯ ಅಂತ ಬರ್ತೈತಜ್ಜಿ."

"ನಿರ್ಲಕ್ಷ್ಯ ಅಂದ್ರೆ?"

"ಗಮನ ಕೊಡ್ದೇ ಇರೋದು."

"ಗಮನ ಕೊಟ್ಟೇ ಉಜ್ಜಿದ್ದು ನಾನು. ಬೇರೆ ಮಾತಿಲ್ವಾ?"

"ಇಲ್ಲಜ್ಜಿ."

"ಹಾಕಪ್ಪ ಹಂಗಾದ್ರೆ. ನಾನೇನು ಟಿ.ಸಿ. ತಗಂಡು ಎಲ್ಲಿಗೆ ಸೇರ್ಬೇಕು?"

ಹುಡುಗಿ ಆಗ ಬಾಯಿ ಬಿಟ್ಟಳು. ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡದವಳು ಈಟಿಯನ್ನು ನೆಲಕ್ಕೆ ಊರಿ, "ಅಜ್ಜಿ ಹೆಸರಿಗೆ ಹಾಕ್ಬ್ಯಾಡ್ರಿ ಸಾರ್. ಅದೂ ಸುಳ್ಳೇ ಅಲ್ವಾ? ನಂದು ಸುಳ್ಳು ಅಂತ ಮೊನ್ನೆಯಿಂದ ಕುಣಿದ್ಲು, ಇವಾಗ ತನ್ನದಕ್ಕೆ ಹೂಂ ಅಂತಾಳೆ," ಎಂದು ಜಗಳಕ್ಕೇ ನಿಂತಳು.

ಮಾತು ನ್ಯಾಯದ್ದೇ. ಸುಳ್ಳು ಸುಳ್ಳೇ. ಆದರೆ ಆ ಸುಳ್ಳನ್ನು ಬೆನ್ನ ಮೇಲೆ ಹೊತ್ತುಕೊಂಡು ನಾನು ಯಾವ ಮೈದಾನದಲ್ಲೂ ಓಡಬೇಕಾಗಿಲ್ಲ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳುತ್ತಾ ಕೂರಲು ಹೊತ್ತಿರಲಿಲ್ಲ, ಹನ್ನೆರಡರ ಬಸ್ಸು ತಪ್ಪಿದರೆ ದುರ್ಗಕ್ಕೆ ಹೊತ್ತಿಗೆ ಮುಟ್ಟುವುದಿಲ್ಲ.

"ಲೇ, ಬಾಯಿ ಮುಚ್ಕಂಡು ಗಂಟು ತಗಳೇ," ಅಂದೆ.

ಟ್ಯಾಂಕಿನ ಕಟ್ಟೆಯಿಂದ ಹುಡುಗ "ಇಳೀತು!" ಎಂದು ಕೂಗಿದ. ಹೆಡ್ ಮೇಡಂ ಒಳಗೆ ಓಡಿದರು. ಟಿ.ಸಿ. ಮಿಷನ್ನಿನಿಂದ ಬೆಚ್ಚಗೆ ಹೊರಗೆ ಬಂತು.

ದುರ್ಗ ಮುಟ್ಟಿದಾಗ ಹಾಸ್ಟೆಲಿನ ಆಫೀಸು ಬಾಗಿಲು ಹಾಕುವುದರಲ್ಲಿತ್ತು. ಒಳಗಿದ್ದವರು ಟಿ.ಸಿ. ತೆಗೆದುಕೊಂಡು, ನಂಬರ್ ಒತ್ತಿ, ಕನ್ನಡಕ ಸರಿಮಾಡಿಕೊಂಡು ಪರದೆ ಓದಿದರು. ಹುಡುಗಿ ಗಂಟು ಕೆಳಗಿಡದೆ ನಿಂತಿದ್ದಳು. ಹಾಜರಿ ಸರಿ, ಮಾರ್ಕ್ಸು ಸರಿ, ಸಾಮಾನು ಬಾಕಿ ಇಲ್ಲ, ಎಂದು ಒಂದೊಂದೇ ಹೇಳಿಕೊಂಡು ಬಂದವರು ಕೆಳಗೆ ಒಂದು ಕಡೆ ನಿಂತರು.

"ಪೋಷಕರ ನಿರ್ಲಕ್ಷ್ಯ ಅಂತ ಬಂದಿದೆ ಇಲ್ಲಿ. ಏನಮ್ಮ ಇದು?"

"ನಾನೇ ಅದು," ಅಂದೆ. "ಸಹಿ ಎಲ್ಲಿ ಹಾಕ್ಬೇಕು, ತೋರ್ಸ್ರಿ."